ಅವ್ವನನ್ನು ತ್ಯಾಗಮಯಿ ಅನ್ನುವ ಮೊದಲು

ಅವ್ವ ತೀರಿಕೊಂಡ ಹದಿಮೂರನೆಯ ದಿನ ನಮ್ಮ ಕೇರಿಯ ಸಮುದಾಯ ಭವನದಲ್ಲಿ ನುಡಿನಮನ ಇಟ್ಟುಕೊಂಡಿದ್ದೆವು. ಐನೋರನ್ನು ಕರೆಸಲಿಲ್ಲ, ಪಿಂಡ ಇಡಲಿಲ್ಲ. ಬುದ್ಧ, ಬಸವಣ್ಣ, ಬಾಬಾಸಾಹೇಬ, ಪಕ್ಕದಲ್ಲಿ ಅವ್ವನ ಫೋಟೋ. ಫೋಟೋ ಅಂದರೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದು, ಅವ್ವ ಒಬ್ಬಳೇ ಇರುವ ಬೇರೆ ಫೋಟೋ ಮನೆಯಲ್ಲಿ ಇರಲಿಲ್ಲ. ಆ ಕಾರ್ಡಿನಲ್ಲಿ ಆಕೆ ಹುಟ್ಟಿದ ದಿನ ಜನವರಿ 1. ಕೇರಿಯ ಎಷ್ಟೋ ಮುದುಕಿಯರು ಸರ್ಕಾರದ ಲೆಕ್ಕದಲ್ಲಿ ಜನವರಿ 1ರಂದೇ ಹುಟ್ಟಿದವರು.

ಒಂಬತ್ತು ಜನ ಮಾತಾಡಿದರು. ಎಂಟು ಗಂಡಸರು, ಒಬ್ಬ ಅಂಗನವಾಡಿ ಟೀಚರು. ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಅವ್ವನ ಕೈಯ ರೊಟ್ಟಿ ತಿಂದವರೇ. ಬಹಳ ಮಂದಿ ಅತ್ತರು, ಆ ಅಳುವಿನಲ್ಲಿ ಸುಳ್ಳು ಇರಲಿಲ್ಲ. ಆದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ತ್ಯಾಗಮಯಿ. ಅಪ್ಪನ ಹಳೆಯ ಗೆಳೆಯರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನಮ್ಮ ಮಾಸ್ತರ ಪಾಲಿಗೆ ಈ ತಾಯಿ ರಮಾಬಾಯಿ ಆಗಿದ್ದಳು" ಅಂದರು. ಚಪ್ಪಾಳೆ ಬಿತ್ತು. ಕೊನೆಗೆ ವಂದನಾರ್ಪಣೆಗೆ ನಿಂತ ನಾವು, "ತನಗಾಗಿ ಏನನ್ನೂ ಬಯಸದ ಜೀವ ಅದು" ಅಂತ ಹೇಳಿ ಗಂಟಲು ಕಟ್ಟಿ ಕೂತೆವು.

ರಾತ್ರಿ ಜನ ಎಲ್ಲ ಹೋದ ಮೇಲೆ ಪಾತ್ರೆ ತಿಕ್ಕುತ್ತಿದ್ದ ಅಕ್ಕ ಕೈ ನಿಲ್ಲಿಸದೆಯೇ ಕೇಳಿದಳು: "ಏನೂ ಬಯಸಲಿಲ್ಲ ಅಂತ ನಿಮಗ ಯಾರ ಹೇಳ್ಯಾರ? ಒಂದ್ ದಿನಾನಾದ್ರೂ ಆಕಿನ್ನ ಕೇಳೀರೇನು?"

ನಾವು ಅಂದರೆ ಇಬ್ಬರು ಗಂಡುಮಕ್ಕಳು. ಒಬ್ಬರು ಹಳ್ಳಿ ಶಾಲೆಯ ಮಾಸ್ತರು, ಇನ್ನೊಬ್ಬರು ತಾಲೂಕು ಕಚೇರಿಯಲ್ಲಿ ಗುಮಾಸ್ತರು. ಇಬ್ಬರೂ ಸಂಘಟನೆಯ ಸಭೆಗಳಲ್ಲಿ ಮೈಕು ಹಿಡಿದವರು. ಅಕ್ಕ ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಇದನ್ನು ಬರೆಯುವುದಕ್ಕೆ ಕಾರಣ ಅದೇ. ಶ್ರದ್ಧಾಂಜಲಿ ಅಂತ ಇದನ್ನು ಓದಬೇಡಿ, ಅದು ಆವತ್ತೇ ಆಗಿಹೋಯಿತು.

ಮೊದಲು ಆ ಮಾತನ್ನೇ ನೋಡೋಣ. ತ್ಯಾಗ ಅಂದರೇನು? ತನ್ನದಾಗಿದ್ದನ್ನು, ಇಟ್ಟುಕೊಳ್ಳಲು ಸಾಧ್ಯವಿದ್ದಾಗಲೂ, ತಾನೇ ಮನಸ್ಸು ಮಾಡಿ ಬಿಟ್ಟುಕೊಡುವುದು. ರಾಜ್ಯ ಇದ್ದವನು ರಾಜ್ಯ ಬಿಟ್ಟರೆ ತ್ಯಾಗ. ರಾಜ್ಯವೇ ಇಲ್ಲದವನ ಹತ್ತಿರ ಏನು ಬಿಡುವುದು? ನಮ್ಮ ಅಜ್ಜ ಮುತ್ತಜ್ಜ ಊರ ಹೊರಗೆ ಇದ್ದರು, ಒಳ್ಳೆಯ ಬಟ್ಟೆ ಉಡಲಿಲ್ಲ, ಬಾವಿ ಮುಟ್ಟಲಿಲ್ಲ. ಅವರನ್ನು ಯಾರಾದರೂ 'ತ್ಯಾಗಜೀವಿಗಳು, ಏನನ್ನೂ ಬಯಸಲಿಲ್ಲ' ಅಂತ ಹೊಗಳಿದರೆ ನಾವು ಸುಮ್ಮನಿರುತ್ತೇವೆಯೇ? ಮೈಯೆಲ್ಲ ಉರಿದುಹೋಗುತ್ತದೆ. ಕಿತ್ತುಕೊಂಡದ್ದನ್ನು ಕೊಟ್ಟದ್ದು ಅಂತ ಬರೆಯುವ ಚಾಳಿ ಮೇಲ್ಜಾತಿಯವರಿಗೆ ಇದೆ ಅಂತ ನಾವು ಐವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇವೆ. ಅದೇ ಚಾಳಿ ನಮ್ಮ ಬಾಯಲ್ಲಿ, ನಮ್ಮ ಹೆತ್ತವಳ ಫೋಟೋದ ಮುಂದೆ, ಹೂವಿನ ಹಾರದ ಜೊತೆಗೆ ಬಂತಲ್ಲ!

ರಮಾಬಾಯಿಯವರ ಹೆಸರು ಬಂದದ್ದರಿಂದ ಅದನ್ನೂ ನೋಡಬೇಕು. ಅವರು ಕೊಂಕಣದ ದಾಪೋಲಿ ಬಳಿಯ ವಣಂದ ಗ್ರಾಮದವರು. ತಂದೆ ದಾಭೋಳ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದವರು. ಎಳವೆಯಲ್ಲೇ ತಂದೆತಾಯಿ ತೀರಿಕೊಂಡರು. 1906ರಲ್ಲಿ ಮುಂಬಯಿಯ ಭಾಯಖಳಾ ಮಾರುಕಟ್ಟೆಯಲ್ಲಿ, ವ್ಯಾಪಾರ ಮುಗಿದ ಮೇಲೆ ರಾತ್ರಿ ಹೊತ್ತು ಮದುವೆ. ಆಗ ಅವರು ಒಂಬತ್ತರ ಆಸುಪಾಸಿನ ಹುಡುಗಿ. ಐದು ಮಕ್ಕಳನ್ನು ಹೆತ್ತು ನಾಲ್ವರನ್ನು ಮಣ್ಣಿಗೆ ಕೊಟ್ಟರು. ಕೊನೆಯ ಕೂಸು ರಾಜರತ್ನ ಹೋದದ್ದು 1926ರಲ್ಲಿ. ಗಂಡ ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದುತ್ತಿದ್ದಾಗ ಪರಳದ ಚಾಳಿನಲ್ಲಿ ಮನೆ ನಡೆಸಿದರು. ಸಗಣಿ ಆಯ್ದು ಕುಳ್ಳು ತಟ್ಟಿ ಮಾರಿದರು ಅಂತ ಮಹಾರಾಷ್ಟ್ರದ ಕೇರಿಗಳಲ್ಲಿ ಇವತ್ತಿಗೂ ಹೇಳುತ್ತಾರೆ. 1935ರ ಮೇ 27ರಂದು ದಾದರಿನ ರಾಜಗೃಹದಲ್ಲಿ ತೀರಿಕೊಂಡರು. ಅದೇ ವರ್ಷ ಅಕ್ಟೋಬರ್ 13ರಂದು ಬಾಬಾಸಾಹೇಬರು ಯೇವಲೆಯಲ್ಲಿ, ತಾನು ಹಿಂದೂವಾಗಿ ಸಾಯುವುದಿಲ್ಲ ಅಂತ ಸಾರಿದರು. ಆ ಮಾತು ಕೇಳಲು ರಮಾಬಾಯಿ ಇರಲಿಲ್ಲ.

1940ರಲ್ಲಿ ಬಂದ 'ಥಾಟ್ಸ್ ಆನ್ ಪಾಕಿಸ್ತಾನ್' ಗ್ರಂಥವನ್ನು ಬಾಬಾಸಾಹೇಬರು ಅರ್ಪಿಸಿದ್ದು ಆಕೆಯ ನೆನಪಿಗೆ. ಮನೆಯಲ್ಲಿ ಕರೆಯುತ್ತಿದ್ದ ಹಾಗೆ 'ರಾಮು' ಅಂತಲೇ ಬರೆದಿದ್ದಾರೆ. ಆಕೆಯ ಒಳ್ಳೆಯತನವನ್ನು ಹೇಳಿ, ಗೆಳೆಯರೂ ಇಲ್ಲದ, ಕಾಸೂ ಇಲ್ಲದ ದಿನಗಳಲ್ಲಿ ತನ್ನ ಜೊತೆಗೆ ನಿಂತು ಕಷ್ಟ ಉಂಡದ್ದನ್ನು ನೆನೆದಿದ್ದಾರೆ. ನಮಗೆ ಕಾಣುವಂತೆ ಅಲ್ಲಿ ಆಕೆಯನ್ನು ದೇವತೆ ಮಾಡುವ ಆತುರ ಇಲ್ಲ. ಸಾಲ ತೀರಿಸಲಾಗದೆ ಉಳಿದವನೊಬ್ಬ ಸಾಲವನ್ನು ಬರೆದಿಟ್ಟ ಹಾಗಿದೆ. ನಾವೋ, ಆ ಸಾಲವನ್ನು ಓದಿ, ಅದನ್ನೇ ಹೆಂಡತಿಯರಿಗೆ ಮಾದರಿ ಅಂತ ಗೋಡೆಗೆ ತೂಗುಹಾಕಿದೆವು. ಗಂಡ ಬಾಬಾಸಾಹೇಬ ಆಗದಿದ್ದರೂ ಚಿಂತೆಯಿಲ್ಲ, ಹೆಂಡತಿ ಮಾತ್ರ ರಮಾಬಾಯಿ ಆಗಬೇಕು!

ಇನ್ನೊಂದು ಮಾತು. ಪಂಢರಪುರಕ್ಕೆ ಹೋಗಬೇಕು ಅಂತ ರಮಾಬಾಯಿಗೆ ಆಸೆ ಇತ್ತು. ನಮ್ಮನ್ನು ಹೊರಗೆ ನಿಲ್ಲಿಸುವ ಪಂಢರಪುರ ಯಾಕೆ, ನಾವೇ ಬೇರೆ ಪಂಢರಪುರ ಕಟ್ಟೋಣ ಅಂತ ಬಾಬಾಸಾಹೇಬರು ಹೇಳಿದರು ಅನ್ನುವ ಮಾತು ಪ್ರಸಿದ್ಧ. ನಾವು ಈ ಕಥೆಯನ್ನು ನೂರು ಸಲ ಬಾಬಾಸಾಹೇಬರ ಕಡೆಯಿಂದ ಹೇಳಿದ್ದೇವೆ, ಸರಿಯಾಗಿಯೇ ಹೇಳಿದ್ದೇವೆ. ಆದರೆ ಆಕೆಗೆ ಒಂದು ಬಯಕೆ ಇತ್ತಲ್ಲ, ಅದರಲ್ಲಿ ಆಕೆಗೆ ಏನು ಕಾಣುತ್ತಿತ್ತು ಅಂತ ಕೇಳಿದ್ದೇವೆಯೇ? ಸಾವಿತ್ರಿಬಾಯಿ ಫುಲೆ 1854ರಲ್ಲೇ ಕವನಗಳ ಪುಸ್ತಕ ತಂದರು, ಜೋತಿಬಾಗೆ ಬರೆದ ಕಾಗದಗಳು ಉಳಿದಿವೆ. ಅವರ ತಲೆಯಲ್ಲಿ ಏನಿತ್ತು ಅಂತ ಅವರ ಮಾತಿನಲ್ಲೇ ಓದಬಹುದು. ರಮಾಬಾಯಿಯ ಮನಸ್ಸು ನಮಗೆ ತಲುಪಿದ್ದು ಬಹುಪಾಲು ಬೇರೆಯವರ ಬಾಯಿಂದ. ನಮ್ಮ ಅವ್ವನದೂ ಅದೇ ದಾರಿ ಹಿಡಿಯುತ್ತಿದೆ. ಹದಿಮೂರೇ ದಿನದಲ್ಲಿ!

ಈಗ ಅವ್ವನ ವಿಷಯ. ಅವ್ವ ಕೌದಿ ಹೊಲಿಯುತ್ತಿದ್ದಳು. ಕೂಲಿ ಮಾಡಿದಳು, ಕಳೆ ತೆಗೆದಳು, ಜೋಳ ಕೊಯ್ದಳು, ಅದನ್ನು ಕೇರಿಯ ಎಲ್ಲ ಹೆಂಗಸರೂ ಮಾಡಿದರು. ಕೌದಿಯಲ್ಲಿ ಮಾತ್ರ ಅವ್ವನ ಕೈ ಬೇರೆ ಇತ್ತು. ನೋಡದವರಿಗೆ ಹೇಳಬೇಕು: ಕೌದಿ ಅಂದರೆ ಚಿಂದಿಯ ಗಂಟಲ್ಲ. ಹಳೆಯ ಧೋತರವನ್ನೋ ಸೀರೆಯನ್ನೋ ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ, ಅದರ ಮೇಲೆ ಹರಿದ ಅರಿವೆಗಳನ್ನು ಪದರ ಪದರವಾಗಿ ಜೋಡಿಸಬೇಕು. ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಆದರೆ ಹೊದ್ದವರಿಗೆ ನಿದ್ದೆ ಬರುವುದಿಲ್ಲ. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತ ಒಳಗೆ ಒಳಗೆ ಹೊಲಿದುಕೊಂಡು ನಡುವಿಗೆ ಬರಬೇಕು. ಪಟ್ಟಿ ಬಳಿದು ಗೆರೆ ಎಳೆಯುವುದಿಲ್ಲ, ಕಣ್ಣಳತೆ ಒಂದೇ. ಅವ್ವನ ಹೊಲಿಗೆಯ ಎರಡು ಸಾಲಿನ ನಡುವೆ ಒಂದೇ ಬೆರಳು ಹಿಡಿಯುತ್ತಿತ್ತು, ಈ ತುದಿಯಿಂದ ಆ ತುದಿಯವರೆಗೂ ಅಷ್ಟೇ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಅಂತ ತಾಸುಗಟ್ಟಲೆ ನೋಡುತ್ತ ಕೂರುತ್ತಿದ್ದಳು. ಒಲೆಯ ಮೇಲಿನ ಸಾರು ಉಕ್ಕಿಹೋದದ್ದೂ ಉಂಟು, ಆ ಕಾರಣಕ್ಕೆ ಬೈಗುಳ ತಿಂದದ್ದೂ ಉಂಟು.

ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ ಊರೊಳಗಿನ ಮನೆಗಳಿಗೂ ಹೊಲಿದುಕೊಡುತ್ತಿದ್ದಳು, ಕೂಲಿಗೆ ಜೋಳ. ಗೌಡರ ಮನೆಯ ಕೌದಿಗೆ ದನದ ಕೊಟ್ಟಿಗೆಯ ಮಗ್ಗುಲಿಗೆ ಜಾಗ. ಅರಿವೆಯ ಗಂಟನ್ನು ಮೇಲಿಂದ ಎಸೆಯುತ್ತಿದ್ದರು. ಹದಿನೈದಿಪ್ಪತ್ತು ದಿನ ಅಲ್ಲೇ ಕೂತು ಹೊಲಿದು, ಮಡಚಿ ಕಟ್ಟೆಯ ಮೇಲಿಟ್ಟು ದೂರ ಸರಿದು ನಿಲ್ಲಬೇಕು. ಒಳಗಿನಿಂದ ಬಂದವರು ಕೌದಿಗೆ ನೀರು ಚಿಮುಕಿಸಿ ಎತ್ತಿಕೊಂಡು ಹೋಗುತ್ತಿದ್ದರು. ಅವ್ವನ ಜೊತೆ ಹೋಗಿ ನಾವು ಕಣ್ಣಾರೆ ಕಂಡದ್ದು ಇದು. ಅವ್ವನ ಕೈ ತಾಗದ ಒಂದು ಗೇಣು ಜಾಗ ಆ ಕೌದಿಯಲ್ಲಿ ಇರಲಿಲ್ಲ. ಅದನ್ನು ಹೊದ್ದುಕೊಂಡು ಅವರು ಮಳೆಗಾಲ, ಚಳಿಗಾಲ ಕಳೆದರು. ಹೊಲಿದವಳು ಮಾತ್ರ ಹೊಸ್ತಿಲು ದಾಟುವಂತಿರಲಿಲ್ಲ. ಇದನ್ನು ನಾವು ಎಷ್ಟು ಭಾಷಣಗಳಲ್ಲಿ ಹೇಳಿಲ್ಲ! ಹೇಳಿದಾಗಲೆಲ್ಲ ಸಭೆ ಬಿಸಿಯಾಗುತ್ತಿತ್ತು.

ಆದರೆ ಕಥೆಯನ್ನು ಗೌಡರ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದೇ ನಮ್ಮ ಜಾಣತನ. ಅಲ್ಲಿಂದ ನಮ್ಮ ಮನೆಗೆ ಬರೋಣ.

ಅಪ್ಪ ಮದುವೆಯಾದ ಮೇಲೆ ಟಿಸಿಎಚ್ ಓದಿದವರು. ಆ ಎರಡು ವರ್ಷದ ಫೀಸು, ಊಟ, ಬಸ್ಸಿನ ಚಾರ್ಜು ಬಂದದ್ದು ಅವ್ವನ ಕೂಲಿಯಿಂದ ಮತ್ತು ಕೌದಿಯಿಂದ. 1978ರಲ್ಲಿ ಅಪ್ಪನಿಗೆ ಸಾಲಿಯ ನೌಕರಿ ಸಿಕ್ಕಿತು. ಅದು ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಗೆ ಕಾಲಿಡುತ್ತಿದ್ದ ಕಾಲ. ಬೂಸಾ ಗಲಾಟೆಯ ಕಾವು ಇನ್ನೂ ಆರಿರಲಿಲ್ಲ. ನಮ್ಮ ಮನೆ ಸಂಘಟನೆಯ ಮನೆ ಆಯಿತು. ಹೊತ್ತಲ್ಲದ ಹೊತ್ತಿಗೆ ಹತ್ತು ಜನ ಬರುವರು, ಹದಿನೈದು ಜನ ಬರುವರು. ಪಡಸಾಲೆಯಲ್ಲಿ ಮನು, ಮಾರ್ಕ್ಸ್, ಅಂಬೇಡ್ಕರ್, ಲೋಹಿಯಾ. ಒಳಗೆ ಅವ್ವ, ಹಂಚಿನ ಮುಂದೆ. ರೊಟ್ಟಿಯ ಬುಟ್ಟಿಯನ್ನು ನಡುಬಾಗಿಲ ತನಕ ತಂದು ಇಡುತ್ತಿದ್ದಳು, ನಮ್ಮಲ್ಲೊಬ್ಬರು ಅದನ್ನು ಪಡಸಾಲೆಗೆ ಒಯ್ಯುತ್ತಿದ್ದೆವು. ನಾಲ್ಕೈದು ಸಲ ಅಲ್ಲ, ಇಪ್ಪತ್ತು ವರ್ಷ. ಯಾರೂ ಅವ್ವನಿಗೆ ಒಳಗೆ ಬರಬೇಡ ಅಂತ ಹೇಳಲಿಲ್ಲ, ಬಾ ಕೂತುಕೋ ಅಂತಲೂ ಹೇಳಲಿಲ್ಲ. ನೀರು ಚಿಮುಕಿಸಲಿಲ್ಲ, ಅಷ್ಟೇ ವ್ಯತ್ಯಾಸ. ರೊಟ್ಟಿ ಪಡಸಾಲೆಗೆ ಬಂತು, ಬಡಿದವಳು ಬಾಗಿಲ ಆಚೆ ಉಳಿದಳು.

ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ ಅಂತ ಗೆಳೆಯರು ಹೇಳಬಹುದು. ಒಪ್ಪುತ್ತೇವೆ. ಗೌಡನ ಅಂಗಳದಲ್ಲಿ ಹೆದರಿಕೆ ಇತ್ತು, ನಮ್ಮ ಮನೆಯಲ್ಲಿ ಪ್ರೀತಿ ಇತ್ತು. ಆದರೆ ಪ್ರೀತಿ ಇದ್ದದ್ದರಿಂದಲೇ ಇದು ಹೆಚ್ಚು ಸಿಕ್ಕುಸಿಕ್ಕಾಗಿದೆ. ಗೌಡನ ಮೇಲೆ ಅವ್ವ ಸಿಟ್ಟು ಮಾಡಬಹುದಿತ್ತು, ಬೆನ್ನ ಹಿಂದಾದರೂ ಮಣ್ಣು ತೂರಿ ಶಾಪ ಹಾಕಬಹುದಿತ್ತು, ಹಾಕುತ್ತಿದ್ದಳು. ನಮ್ಮ ಮೇಲೆ ಹೇಗೆ ಹಾಕುವುದು? 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯ ವಿರುದ್ಧದ ಹೋರಾಟಕ್ಕೆ ಅಪ್ಪ ಹೊರಟು ನಿಂತಾಗ ತಮ್ಮನಿಗೆ ಜ್ವರ ಏರಿತ್ತು. ಹೆಣ್ಣಿನ ಮಾನಕ್ಕಾಗಿ ನಡೆಯುವ ಹೋರಾಟ ಅದು, ಹೋಗಲೇಬೇಕಿತ್ತು, ನಮಗೆ ಇವತ್ತಿಗೂ ಅದರ ಬಗ್ಗೆ ಹೆಮ್ಮೆ. ಅವ್ವ ಬುತ್ತಿ ಕಟ್ಟಿಕೊಟ್ಟು, ಮಗನನ್ನು ಬೆನ್ನಿಗೆ ಕಟ್ಟಿಕೊಂಡು ನಾಲ್ಕು ಮೈಲಿ ದವಾಖಾನೆಗೆ ನಡೆದಳು. ಅಪ್ಪ ಹೋದದ್ದು ಹೋರಾಟದ ಇತಿಹಾಸ. ಅವ್ವ ನಡೆದದ್ದಕ್ಕೆ 'ತಾಯಿಕರುಳು' ಅಂತ ಹೆಸರು. ಕರುಳು ಅಂದುಬಿಟ್ಟರೆ ಮುಗಿಯಿತು, ಅಲ್ಲಿ ಯೋಚನೆ ಇಲ್ಲ, ತೀರ್ಮಾನ ಇಲ್ಲ. ಹಸು ಹಾಲು ಕೊಟ್ಟ ಹಾಗೆ ತಾಯಿ ಮಾಡಿದಳು ಅಂತಾಗುತ್ತದೆ.

ಹೆಂಗಸರ ತಿಳಿವಳಿಕೆಯನ್ನೆಲ್ಲ ಹೀಗೆ ಹುಟ್ಟುಗುಣದ ಖಾತೆಗೆ ಹಾಕುವುದು ನಮಗೆ ಎಷ್ಟು ಸಲೀಸು! ಪಾವಗಡದ ಸೂಲಗಿತ್ತಿ ನರಸಮ್ಮ ಹೊಟ್ಟೆ ಮುಟ್ಟಿ ಕೂಸಿನ ತಲೆ ಎಲ್ಲಿದೆ ಅಂತ ಹೇಳಬಲ್ಲವರಾಗಿದ್ದರು. ಸಾವಿರ ಸಾವಿರ ಹೆರಿಗೆ ಮಾಡಿಸಿದ ಆ ದಲಿತ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ಅದು ಕಲಿತ ವಿದ್ಯೆ, ದಶಕಗಳ ಅಭ್ಯಾಸ ಅಂತ ಒಪ್ಪಿಕೊಳ್ಳಲು ನಮಗೆ ದಿಲ್ಲಿಯ ಸರ್ಟಿಫಿಕೇಟು ಬೇಕಾಯಿತು. ನಮ್ಮ ಹಲಗೆ ಬಡಿಯುವ ಮಾವನನ್ನು ಕೇರಿ ಮೊದಲಿನಿಂದಲೂ ಕಲಾವಿದ ಅನ್ನುತ್ತಿತ್ತು. ಕೌದಿ ಹೊಲಿಯುವ ಅವ್ವನನ್ನು ಯಾರೂ ಹಾಗೆ ಅನ್ನಲಿಲ್ಲ, ನಾವೂ ಅನ್ನಲಿಲ್ಲ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕೌದಿಗಳು ಅಮೆರಿಕದ ಪ್ರದರ್ಶನಕ್ಕೆ ಹೋದದ್ದನ್ನು ಪೇಪರಿನಲ್ಲಿ ಓದಿ ಅವ್ವನಿಗೆ ಹೇಳಿದರೆ ಆಕೆ ಕೇಳಿದ್ದು ಒಂದೇ: "ಅಲ್ಲಿ ಭಾಳ ಥಂಡಿ ಐತೇನ?"

ಇಷ್ಟು ಬರೆದು ನಾವೇ ನಿಂತೆವು. ಎಲ್ಲವನ್ನೂ ಕಿತ್ತುಕೊಂಡೆವು ಅಂತ ಬರೆದರೆ ಅವ್ವ ಬರೀ ಕಿತ್ತುಕೊಳ್ಳಲ್ಪಟ್ಟವಳಾಗಿ ಉಳಿಯುತ್ತಾಳೆ. ಅದೂ ಸುಳ್ಳು, ಇದ್ದಿದ್ದರೆ ಕೈಯಲ್ಲಿದ್ದ ಕೊಳವೆ ತೆಗೆದುಕೊಂಡು ಬರುತ್ತಿದ್ದಳು. ಅವ್ವ ನಗುತ್ತಿದ್ದಳು, ಜಗಳ ಆಡುತ್ತಿದ್ದಳು, ಬೀಸುವಾಗ ಹಳೆಯ ಹಾಡಿಗೆ ತಾನೇ ನುಡಿ ಕಟ್ಟಿ ಸೇರಿಸುತ್ತಿದ್ದಳು. ಅಕ್ಕನ ಮದುವೆಯಲ್ಲಿ ಬೀಗರನ್ನು ಅಣಕಿಸಿ ಕಟ್ಟಿದ ಹಾಡಿಗೆ ಗಂಡಿನ ಕಡೆಯ ಮುದುಕ ಎದ್ದು ಹೊರಟಿದ್ದ. ಸಂಘಟನೆಯವರನ್ನೂ ಬಿಟ್ಟವಳಲ್ಲ. ಒಂದು ರಾತ್ರಿ ಸಭೆ ಮುಗಿಯದೆ ಮೂರನೆಯ ಸಲ ಬುಟ್ಟಿ ತುಂಬಿಸಿದಾಗ, ನಡುಬಾಗಿಲಿಂದಲೇ ಕೇಳಿದಳಂತೆ: "ಅಣ್ಣಾರ, ಸಮಾನತಿ ಬರಾಕ ಇನ್ನ ಎಷ್ಟ ರೊಟ್ಟಿ ಬೇಕ್ರಿ? ಹಿಟ್ಟ ನೋಡಿ ನಾದತೇನಿ." ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಎಷ್ಟೋ ವರ್ಷ ಅದನ್ನೇ ಹೇಳಿಕೊಂಡು ನಕ್ಕೆವು. ಅದು ಪ್ರಶ್ನೆ ಅಂತ ನಮಗೆ ಹೊಳೆದದ್ದು ಆಕೆ ಸತ್ತ ಮೇಲೆ.

ಹಾಗಾದರೆ ಕೊಟ್ಟದ್ದು ಯಾವುದು, ನಾವು ತೆಗೆದುಕೊಂಡದ್ದು ಯಾವುದು? ಅಪ್ಪನ ಫೀಸಿಗೆ ದುಡಿದದ್ದು ಕೊಟ್ಟದ್ದೇ ಇರಬಹುದು. ಆ ದಿನಗಳ ಮಾತು ಬಂದರೆ ಅವ್ವನ ಮುಖ ಅರಳುತ್ತಿತ್ತು. ಇಪ್ಪತ್ತು ವರ್ಷದ ರೊಟ್ಟಿಯಲ್ಲಿ ಎಷ್ಟು ಪಾಲು ಸಂತೋಷದ್ದು, ಎಷ್ಟು ಪಾಲು ಬೇರೆ ದಾರಿ ಇಲ್ಲದ್ದು? ಬದುಕಿದ್ದಾಗ ಕೇಳಲಿಲ್ಲ, ಈಗ ಕೇಳಲು ಆಗುವುದಿಲ್ಲ. ಸತ್ತವರ ಬಗ್ಗೆ ಮಾತಾಡುವವರಿಗೆ ಇದೊಂದು ಅನುಕೂಲ, ಅವರು ಎದ್ದು ಇಲ್ಲ ಅನ್ನುವುದಿಲ್ಲ. ಆಕೆಯಿಂದ ಲಾಭ ಉಂಡವರೇ ಆಕೆಯ ಸಾಕ್ಷಿ ಹೇಳುವಾಗ ಆ ಸಾಕ್ಷಿಗೆ ಎಷ್ಟು ಬೆಲೆ? ಯಾವ ಕೋರ್ಟಿನಲ್ಲೂ ಇದು ನಿಲ್ಲುವುದಿಲ್ಲ.

ಮಹಾರಾಷ್ಟ್ರದ ಬೇಬಿ ಕಾಂಬಳೆಯವರ ಸಂಗತಿ ನೆನಪಾಗುತ್ತದೆ. ಫಲಟಣದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು, ಸಾಮಾನು ಕಟ್ಟುವ ಕಾಗದವನ್ನೇ ಓದುತ್ತ ಓದು ಬೆಳೆಸಿಕೊಂಡವರು. ತಮ್ಮ ಬದುಕನ್ನೂ ಮಹಾರರ ಬದುಕನ್ನೂ ಬರೆದರು. ಬರೆದದ್ದನ್ನು ಇಪ್ಪತ್ತು ವರ್ಷ ಗಂಡನಿಗೆ ಕಾಣದ ಹಾಗೆ ಮುಚ್ಚಿಟ್ಟರು. 1986ರಲ್ಲಿ ಅದು 'ಜಿಣ ಆಮುಚ' ಅಂತ ಪುಸ್ತಕವಾಯಿತು. ಅವರೂ ಅಂಬೇಡ್ಕರ್ ಚಳವಳಿಯ ಹೆಣ್ಣುಮಗಳು, ಅವರದೂ ಚಳವಳಿಯ ಮನೆ. ಆ ಕಾಗದದ ಕಟ್ಟು ಯಾರ ಕೈಗೂ ಸಿಗದೆ ಹೋಗಿದ್ದರೆ ಅವರ ನುಡಿನಮನದಲ್ಲೂ ಇದೇ ಒಂಬತ್ತು ಭಾಷಣ ಆಗುತ್ತಿತ್ತೋ ಏನೋ. ನಮ್ಮ ಕಡೆಯದನ್ನೇ ನೋಡಿ. 1931ರಲ್ಲಿ ಹಲಸಂಗಿ ಗೆಳೆಯರು ಹೆಂಗಸರ ಹಾಡುಗಳನ್ನು ಸಂಗ್ರಹಿಸಿ ದೊಡ್ಡ ಉಪಕಾರ ಮಾಡಿದರು. ಪುಸ್ತಕಕ್ಕೆ 'ಗರತಿಯ ಹಾಡು' ಅಂತ ಹೆಸರು. ಹಾಡು ಕಟ್ಟಿದವಳು ಗರತಿಯೇ ಆಗಬೇಕೇ? ಕವಿ ಗಂಡಸಾದರೆ ಅವನ ಶೀಲ ಮುಖಪುಟಕ್ಕೆ ಬರುವುದಿಲ್ಲವಲ್ಲ! ನಮ್ಮ 'ತ್ಯಾಗಮಯಿ' ಕೂಡ ಆ ಗರತಿಯ ತಂಗಿಯೇ. ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಊರು ಕೇರಿ ಒಂದು ಮಾಡುತ್ತಾಳೆ. ಅವಳನ್ನು ಓದಿದ ಯಾರಿಗೂ ತ್ಯಾಗಮಯಿ ಅನ್ನುವ ಮಾತು ನಾಲಿಗೆಗೆ ಬರುವುದಿಲ್ಲ. ಆಕೆಯನ್ನು ಓದಿ ಹೊಗಳಿದವರು ನಾವು. ಮನೆಯ ಸಾಕವ್ವ ಕಣ್ಣಿಗೆ ಬೀಳಲಿಲ್ಲ.

ಅಪ್ಪನ ಬಗ್ಗೆ ಹೇಳದಿದ್ದರೆ ಅನ್ಯಾಯ ಆಗುತ್ತದೆ. ಅಪ್ಪ ಕೆಟ್ಟ ಗಂಡ ಅಲ್ಲ. ಕುಡಿಯಲಿಲ್ಲ, ಹೊಡೆಯಲಿಲ್ಲ. ಕೇರಿಯಲ್ಲಿ ಅದೇ ದೊಡ್ಡದು ಅನ್ನುತ್ತಾರೆ, ಅದು ದೊಡ್ಡದು ಅನ್ನಿಸಿಕೊಳ್ಳುವುದೇ ನಾಚಿಕೆಗೇಡು. ಕೊನೆಯ ಮೂರು ವರ್ಷ ಅವ್ವನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಆವಾಗ ಎಪ್ಪತ್ತೈದು ದಾಟಿದ ಅಪ್ಪ ರೊಟ್ಟಿ ಬಡಿಯುವುದನ್ನು ಕಲಿತರು. ಮೊದಮೊದಲು ಹರಿದು ಹಂಚಿಗೆ ಅಂಟುತ್ತಿತ್ತು. ಅವ್ವ ಮಲಗಿದಲ್ಲಿಂದಲೇ ತೊದಲುತ್ತ ಹೇಳಿಕೊಡುತ್ತಿದ್ದಳು, ಬೈಯುತ್ತಿದ್ದಳು, ಸುಟ್ಟ ರೊಟ್ಟಿ ನೋಡಿ ನಗುತ್ತಿದ್ದಳು. ಆ ಮೂರು ವರ್ಷ ಅವರಿಬ್ಬರೂ ಮಾತಾಡಿದಷ್ಟು ಹಿಂದೆ ಯಾವತ್ತೂ ಮಾತಾಡಿರಲಿಲ್ಲ ಅಂತ ಅಪ್ಪನೇ ಹೇಳುತ್ತಾರೆ. ಅವ್ವ ಹೋದ ಮೇಲೆ ಒಂದು ದಿನ ಹಿಟ್ಟು ನಾದುತ್ತ ಅಂದರು: "ಇದು ಇಷ್ಟ ತ್ರಾಸಿನ ಕೆಲಸ ಅಂತ ಆಕಿ ಒಂದಿನಾನೂ ಹೇಳಲಿಲ್ಲಪಾ." ಅಕ್ಕ ತಟ್ಟನೆ ಅಂದಳು: "ಹೇಳ್ಯಾಳಪಾ. ನಿಂಗ ಕೇಳಿಸಿಲ್ಲ." ಅಪ್ಪ ತಲೆ ಎತ್ತಲಿಲ್ಲ. ಅವರ ದುಃಖ ದೊಡ್ಡದು. ಐವತ್ತು ವರ್ಷದ ಜೊತೆ. ಅದನ್ನು ಅಳೆಯುವ ಅಧಿಕಾರ ನಮಗಿಲ್ಲ. ಆದರೆ ಪ್ರೀತಿಸಿದವನು ತಪ್ಪೂ ಮಾಡಿರಬಹುದು, ತಪ್ಪು ಮಾಡಿದವನ ಕಣ್ಣೀರು ನಿಜವೂ ಆಗಿರಬಹುದು. ಎರಡನ್ನೂ ಒಟ್ಟಿಗೆ ಹೇಳುವ ಭಾಷೆ ನಮ್ಮ ಚಳವಳಿಗೆ ಇನ್ನೂ ಸರಿಯಾಗಿ ಬಂದಿಲ್ಲ. ನಮಗೆ ಬೈಯಲು ಬರುತ್ತದೆ, ಹಾರ ಹಾಕಲು ಬರುತ್ತದೆ.

ಇಷ್ಟನ್ನು ಅಕ್ಕನಿಗೆ ಓದಿ ಹೇಳಿದೆವು. ಆಕೆಗೆ ಓದಲು ಬರುತ್ತದೆ, ನಿಧಾನ. ಐದನೆಯ ಇಯತ್ತೆಗೆ ಬಿಡಿಸಿದರು. ಅವ್ವ ಹೊಲಕ್ಕೆ ಹೋದರೆ ತಮ್ಮಂದಿರನ್ನು ನೋಡಿಕೊಳ್ಳುವವರು ಬೇಕಿತ್ತು. ತಮ್ಮಂದಿರು ಅಂದರೆ ನಾವು. ಮಾಸ್ತರ ಮಗಳು ಶಾಲೆ ಬಿಟ್ಟಳು, ಮಾಸ್ತರ ಗಂಡುಮಕ್ಕಳು ಡಿಗ್ರಿ ಮಾಡಿದರು. ಕೇಳಿದ ಮೇಲೆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಲೋ ಬರದೀರಿ. ಆದ್ರ ಈ 'ನಾವು' ಅನ್ನೂದ್ರಾಗ ನನ್ನ ಹಾಕಬ್ಯಾಡ್ರಿ" ಅಂದಳು. ಯಾಕೆ ಅಂತ ಕೇಳಿದ್ದಕ್ಕೆ, "ನೀವು ತಗೊಂಡವರು. ನಾ ಅವ್ವನ ಕೂಡ ಹಂಚಿನ ಮುಂದ ಇದ್ದಾಕಿ" ಅಂದಳು. ಅದಕ್ಕೇ ಈ ಬರಹದ 'ನಾವು' ಎಲ್ಲರೂ ಅಲ್ಲ. ಸಭೆಯಲ್ಲಿ, ಕರಪತ್ರದಲ್ಲಿ ನಾವು ನಾವು ಅಂತ ಬರೆದಾಗಲೂ ಯಾರು ಯಾರು ಹೊರಗಿದ್ದರೋ! ಅಕ್ಕ ಇನ್ನೊಂದನ್ನೂ ಹೇಳಿದಳು, ಅದನ್ನು ಬಿಡುವ ಹಾಗಿಲ್ಲ. ತನ್ನನ್ನು ಶಾಲೆ ಬಿಡಿಸುವ ದಿನ ಅವ್ವನೇ ಹೂಂ ಅಂದಿದ್ದಳು. "ಆಕೀನೂ ನನ್ನ ಕೈಲಿಂದ ತಗೊಂಡಾಳ. ದೇವತಿ ಮಾಡಿದ್ರ ಅದನ್ನೆಲ್ಲಿ ಇಡ್ತೀರಿ?"

ಮಣ್ಣಿಗೆ ಒಯ್ಯುವ ದಿನವೂ ಆಕೆಯದೇ ಹಟ. ನಮ್ಮಲ್ಲಿ ಹೆಣ್ಣುಮಕ್ಕಳು ಚಟ್ಟಕ್ಕೆ ಹೆಗಲು ಕೊಡುವ ಪದ್ಧತಿ ಇಲ್ಲ. ಅಕ್ಕ ಹೆಗಲು ಕೊಟ್ಟೇ ತೀರುತ್ತೇನೆ ಅಂದಾಗ ಹಿರಿಯರು ಗುಜುಗುಜು ಮಾಡಿದರು. ನಾವು ಸಾವಿತ್ರಿಬಾಯಿಯ ಉದಾಹರಣೆ ಕೊಟ್ಟೆವು. 1890ರ ನವೆಂಬರಿನಲ್ಲಿ ಜೋತಿಬಾ ತೀರಿಕೊಂಡಾಗ ದತ್ತುಮಗನಿಗೆ ಹಕ್ಕಿಲ್ಲ ಅಂತ ನೆಂಟರು ತಕರಾರು ತೆಗೆದದ್ದಕ್ಕೆ, ಆಕೆಯೇ ಬೆಂಕಿಯ ಮಡಕೆ ಹಿಡಿದು ಹೆಣದ ಮುಂದೆ ನಡೆದರು. ಉದಾಹರಣೆ ಕೇಳಿ ಹಿರಿಯರು ಒಪ್ಪಿದರೋ, ಅಕ್ಕನ ಮುಖ ನೋಡಿ ಒಪ್ಪಿದರೋ. ಹೆಗಲಂತೂ ಕೊಟ್ಟಳು.

ಅವ್ವನ ಅರಿವೆಗಳನ್ನು ಪದ್ಧತಿಯಂತೆ ಸುಡಬೇಕಿತ್ತು. ಅಕ್ಕ ಬಿಡಲಿಲ್ಲ. ಗಂಟು ಬಿಚ್ಚಿದಾಗ ಒಂದು ಹಳೆಯ ಕೌದಿ ಹರಿದು ಒಳಗಿನ ಪದರ ಕಾಣುತ್ತಿತ್ತು. ಹೊರಗೆಲ್ಲ ಮಾಸಿದ ಧೋತರ, ಅಂಗಿಯ ತುಂಡು. ಒಳಗೆ, ಯಾರಿಗೂ ಕಾಣದ ಕಡೆ, ಇಳಕಲ್ ಸೀರೆಯ ಸೆರಗಿನ ಒಂದು ತುಂಡು, ಕೆಂಪು ಹಾಗೇ ಇತ್ತು. ಒಳ್ಳೆಯ ಅರಿವೆಯನ್ನು ಒಳಗೆ ಯಾಕೆ ಹಾಕಿದಳು? ಅಪ್ಪ ದಪ್ಪ ಬರಲಿ ಅಂತ ಅಂದರು. ಅಕ್ಕ ಅಲ್ಲ ಅಂದಳು, ಮತ್ತೇನು ಅಂತ ಹೇಳಲಿಲ್ಲ. ಅದು ಅವ್ವನ ಮದುವೆಯ ಸೀರೆ ಇರಬಹುದೇ ಅಂತ ಕೇಳಿದರೆ ಅಪ್ಪನಿಗೆ ನೆನಪಿಲ್ಲ.

ಆಮೇಲೆ ಒಂದು ಕೆಲಸ ಹಚ್ಚಿಕೊಂಡಿದ್ದೇವೆ. ಅವ್ವ ಹೊಲಿದ ಕೌದಿಗಳು ಎಲ್ಲೆಲ್ಲಿವೆ ಅಂತ ಒಂದು ನೋಟುಬುಕ್ಕಿನಲ್ಲಿ ಬರೆದಿಡುವುದು. ಯಾವ ಮನೆ, ಯಾರ ಬಾಣಂತನಕ್ಕೆ, ಕೂಲಿ ಏನು, ಕೂಲಿ ಇಲ್ಲದೆಯೋ. ಕೇರಿಯಲ್ಲೇ ಹದಿನಾರು ಸಿಕ್ಕಿವೆ. ಪಕ್ಕದ ಊರಿನಲ್ಲಿ ಮೂರು. ಪಟ್ಟಣದಲ್ಲಿ ಹಳೆಯ ಸಾಮಾನು ಮಾರುವವರೊಬ್ಬರು ಸುದ್ದಿ ತಿಳಿದು ಬಂದು ಒಳ್ಳೆಯ ಬೆಲೆ ಹೇಳಿದರು. ನಮ್ಮಲ್ಲೊಬ್ಬರ ಮನಸ್ಸು ಅಲ್ಲಾಡಿತು, ಸುಳ್ಳು ಯಾಕೆ ಹೇಳುವುದು.

ಹೋದ ವಾರ ಅಕ್ಕನ ಜೊತೆ ಗೌಡರ ಮನೆಗೂ ಹೋಗಿದ್ದೆವು. ಹಳೆಯ ಗೌಡರು ಸತ್ತು ಬಹಳ ವರ್ಷವಾಯಿತು. ಮೊಮ್ಮಗ ಇದ್ದಾನೆ, ಕುರ್ಚಿ ಹಾಕಿದ, ಚಹಾ ಕೊಟ್ಟ. ಕೌದಿ ಯಾವುದೂ ಉಳಿದಿಲ್ಲ, ಎಲ್ಲ ರಗ್ಗು ಬಂದಿವೆ ಅಂದ. ಹೊರಗೆ ಬರುವಾಗ ಕೊಟ್ಟಿಗೆ ಇದ್ದ ಜಾಗದಲ್ಲಿ ಟ್ರ್ಯಾಕ್ಟರು ನಿಂತಿತ್ತು. ಅದರ ಸೀಟಿನ ಮೇಲೆ ನಾಲ್ಕು ಮಡಿಕೆ ಮಾಡಿ ಹಾಕಿದ್ದ ಅರಿವೆಯನ್ನು ನೋಡಿ ಅಕ್ಕ ನಿಂತಳು. ಎಣ್ಣೆ ಹತ್ತಿ ಬಣ್ಣ ಹೋಗಿತ್ತು. ಅಕ್ಕ ಹೊಲಿಗೆಯ ಸಾಲಿನ ನಡುವೆ ಬೆರಳಿಟ್ಟು ನೋಡಿದಳು. ಡ್ರೈವರ್ ಹುಡುಗ ಗಾಬರಿಯಾಗಿ, "ಬೇಕೇನ್ರಿ ಅಕ್ಕಾರ? ಒಯ್ರಿ ಬೇಕಾದ್ರ" ಅಂದ.

"ಬ್ಯಾಡ, ಇರ್ಲಿ" ಅಂದಳು ಅಕ್ಕ. "ಇದು ನಮ್ಮವ್ವ ಹೊಲದದ್ದು. ಇಲ್ಲೇ, ಈ ಜಾಗಾದಾಗ ಕುಂತು."

ಹುಡುಗ ಟ್ರ್ಯಾಕ್ಟರಿನ ಕೆಳಗೆ ನೆಲ ನೋಡಿದ. ನಾವು ನೋಟುಬುಕ್ಕು ತೆಗೆದು ಇಪ್ಪತ್ತನೆಯದು ಅಂತ ಬರೆದುಕೊಂಡೆವು.